ಎಣಿಕೆಗೆ ಬಾರದ ಆರು ವಾರ

ಹೊಸದಾಗಿ ಕೆಲಸಕ್ಕೆ ಸೇರುವ ನರ್ಸ್‌ಗಳ ವಿಚಾರದಲ್ಲಿ ಆಸ್ಪತ್ರೆ ನಡೆಸುವವರ ಜೊತೆ ನಾನು ವರ್ಷಗಳಿಂದ ಆಡುತ್ತಿರುವ ಜಗಳ ಒಂದೇ. ಮೊದಲ ಆರು ವಾರ ಅವರನ್ನು ಡ್ಯೂಟಿ ಪಟ್ಟಿಯ ಲೆಕ್ಕಕ್ಕೆ ಹಿಡಿಯಬೇಡಿ. ಅವರು ವಾರ್ಡಿಗೆ ಬರಲಿ, ಪಾಳಿ ಮಾಡಲಿ, ಪೂರ್ತಿ ಸಂಬಳ ಪಡೆಯಲಿ. ಆದರೆ ಆ ಪಾಳಿಗೆ ಎಷ್ಟು ಜನ ಬೇಕು ಎಂದು ಎಣಿಸುವಾಗ ಅವರ ಹೆಸರನ್ನು ಬಿಟ್ಟು ಎಣಿಸಿ.

ವಾರ್ಡ್ ಇನ್‌ಚಾರ್ಜ್ ಆಗಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 30 ಹಾಸಿಗೆಯ ವಾರ್ಡಿಗೆ ಬೆಳಗಿನ ಪಾಳಿಯಲ್ಲಿ ಆರು ಜನ ಬೇಕು, ಇರುವವರು ಮೂವರು ಎಂದುಕೊಳ್ಳಿ. ಸೋಮವಾರ ಹುಡುಗಿಯೊಬ್ಬಳು ನೇಮಕಾತಿ ಪತ್ರ ಹಿಡಿದುಕೊಂಡು ಬರುತ್ತಾಳೆ. ಸದ್ಯ, ನಾಲ್ವರಾದರು ಎಂದು ಮೇಲಿನವರಿಗೆ ಸಮಾಧಾನವಾಗುತ್ತದೆ. ಮಂಗಳವಾರ ಹೆರಿಗೆ ವಾರ್ಡಿನಲ್ಲಿ ಜನ ಸಾಲದು ಎಂದು ನಮ್ಮಲ್ಲಿನ ಅನುಭವಸ್ಥೆಯೊಬ್ಬಳನ್ನು ಅಲ್ಲಿಗೆ ಕಳುಹಿಸಲಾಗುತ್ತದೆ. ಬುಧವಾರದ ಹೊತ್ತಿಗೆ ಆ ಹೊಸ ಹುಡುಗಿಯ ಪಾಲಿಗೆ ಹತ್ತು ರೋಗಿಗಳು ಬಂದಿರುತ್ತಾರೆ. ಅವಳಿಗೆ ಕಲಿಸಬೇಕಾದವಳ ಕೈಯಲ್ಲಿ ಇನ್ನೂ ಹತ್ತು ರೋಗಿಗಳಿರುತ್ತಾರೆ. ಇಬ್ಬರೂ ಓಡುತ್ತಿರುತ್ತಾರೆ. ಓಡುವವರನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಧೈರ್ಯ ಹೊಸಬರಿಗೆ ಎಲ್ಲಿಂದ ಬರಬೇಕು?

ಅದಕ್ಕೂ ಮೊದಲು ಸಭಾಂಗಣದಲ್ಲಿ ಕೂರಿಸಿ ಒಂದೆರಡು ದಿನ ತರಬೇತಿ ಕೊಟ್ಟಿರುತ್ತಾರೆ ಎನ್ನುವುದು ನಿಜ. ಹಾಜರಿ, ಸಮವಸ್ತ್ರ, ಬೆಂಕಿ ಬಿದ್ದಾಗ ಯಾವ ಬಾಗಿಲಿನಿಂದ ಹೊರಡಬೇಕು, ಕಸವನ್ನು ಯಾವ ಬಣ್ಣದ ಡಬ್ಬಿಗೆ ಹಾಕಬೇಕು. ಎಲ್ಲವೂ ಬೇಕಾದದ್ದೇ. ಆದರೆ ಮೂರನೆಯ ದಿನ ಆ ಹುಡುಗಿ ಎದುರಿಸುವ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಇರುವುದಿಲ್ಲ. ಇಬ್ಬರು ರೋಗಿಗಳು ಒಟ್ಟಿಗೆ ಕರೆದಾಗ ಯಾರ ಬಳಿ ಮೊದಲು ಹೋಗಲಿ? ಡಾಕ್ಟರ್ ಬರೆದ ಡೋಸ್ ತುಸು ಹೆಚ್ಚಾಯಿತು ಅನ್ನಿಸಿದರೆ ಯಾರಿಗೆ ಹೇಳಲಿ? ರೋಗಿಯ ಮಗ ಕೂಗಾಡುತ್ತಿದ್ದಾನೆ, ಏನು ಮಾಡಲಿ?

ಕಾಲೇಜುಗಳನ್ನು ಬೈಯುವುದು ನಮ್ಮಲ್ಲಿ ರೂಢಿ. “ನಾಲ್ಕು ವರ್ಷ ಏನು ಕಲಿತುಕೊಂಡು ಬಂದೆ?” ಎಂದು ಹೊಸಬರ ಮುಖದ ಮೇಲೆಯೇ ಕೇಳುವ ಹಿರಿಯರಿದ್ದಾರೆ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ, ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ. ಆ ಅವಧಿಯಲ್ಲಿ ಅವರು ಕಲಿಯುವುದು ಕಡಿಮೆಯೇನಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಜಾರಿಗೆ ತಂದ ಹೊಸ ಪಠ್ಯಕ್ರಮದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳು ಕೊನೆಯ ಸೆಮಿಸ್ಟರ್‌ನಲ್ಲಿ ವಾರಗಟ್ಟಲೆ ಆಸ್ಪತ್ರೆಯಲ್ಲೇ ಕೆಲಸ ಮಾಡಬೇಕು. ಒಳ್ಳೆಯದೇ ಆಯಿತು. ಆದರೂ ವಿದ್ಯಾರ್ಥಿಯಾಗಿ ವಾರ್ಡಿನಲ್ಲಿ ನಿಲ್ಲುವುದಕ್ಕೂ ಸಹಿ ಹಾಕುವ ನರ್ಸ್ ಆಗಿ ನಿಲ್ಲುವುದಕ್ಕೂ ಬಹಳ ಅಂತರವಿದೆ. ವಿದ್ಯಾರ್ಥಿನಿ ಒಬ್ಬಿಬ್ಬರು ರೋಗಿಗಳನ್ನು ಆರಿಸಿಕೊಂಡು, ಅವರ ಆರೈಕೆಯ ಯೋಜನೆಯನ್ನು ಪುಟಗಟ್ಟಲೆ ಬರೆದು, ಮೇಡಂಗೆ ತೋರಿಸಿ ಅಂಕ ಪಡೆಯುತ್ತಾಳೆ. ಜಿಲ್ಲಾ ಆಸ್ಪತ್ರೆಗಳ ಸುತ್ತಮುತ್ತ ಕಾಲೇಜುಗಳು ಹೆಚ್ಚಿರುವ ನಮ್ಮ ಊರುಗಳಲ್ಲಿ ಆ ಒಬ್ಬಿಬ್ಬರು ರೋಗಿಗಳೂ ಸಿಗುವುದು ಕಷ್ಟ. ಒಂದು ಮಂಚದ ಸುತ್ತ ಮೂರು ಕಾಲೇಜಿನ ಮಕ್ಕಳು ನಿಂತಿರುತ್ತಾರೆ. ಮೂತ್ರದ ಕೊಳವೆ, ಅಂದರೆ ಕ್ಯಾತಿಟರ್ ಹಾಕುವುದನ್ನು ಹತ್ತು ಜನ ನೋಡುತ್ತಾರೆ, ಕೈಯಾರೆ ಮಾಡುವವಳು ಒಬ್ಬಳು. ಉಳಿದ ಒಂಬತ್ತು ಮಂದಿ ಅದನ್ನು ಮೊದಲ ಬಾರಿ ಮಾಡುವುದು ಕೆಲಸಕ್ಕೆ ಸೇರಿದ ಮೇಲೆ. ಅದರಲ್ಲಿ ಆ ಮಕ್ಕಳ ತಪ್ಪೇನಿದೆ?

ಇದು ನಮ್ಮ ನಾಡಿನ ಕಷ್ಟ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಅಮೆರಿಕದ ನರ್ಸಿಂಗ್ ಸಂಶೋಧಕಿ ಮಾರ್ಲೀನ್ ಕ್ರೇಮರ್ 1974ರಲ್ಲೇ ಇದನ್ನು ಬರೆದಿಟ್ಟರು. ಶಾಲೆಯಲ್ಲಿ ಕಲಿತ ಆದರ್ಶಕ್ಕೂ ಆಸ್ಪತ್ರೆಯ ವಾಸ್ತವಕ್ಕೂ ನಡುವಿನ ಕಂದಕಕ್ಕೆ ಹೊಸ ನರ್ಸ್‌ಗಳು ಬೀಳುವುದನ್ನು ಅವರು ‘ರಿಯಾಲಿಟಿ ಶಾಕ್’ ಎಂದು ಕರೆದರು. ಮೊದಲ ಕೆಲವು ದಿನ ಎಲ್ಲವೂ ಚೆಂದ. ಬಿಳಿ ಕೋಟು, ಹೆಸರಿನ ಫಲಕ, ಕೈಗೆ ಬಂದ ಮೊದಲ ಸಂಬಳ. ಆಮೇಲೆ ಪೆಟ್ಟು ಬೀಳುತ್ತದೆ. ಕಾಲೇಜಿನಲ್ಲಿ ಕಲಿಸಿದ್ದೆಲ್ಲ ಸುಳ್ಳು ಎಂದು ಸಿಟ್ಟು ಬರುತ್ತದೆ, ಇಲ್ಲವೇ ತಾನೇ ನಾಲಾಯಕ್ಕು ಎಂದು ಅಳು ಬರುತ್ತದೆ. ಕೈ ಹಿಡಿಯುವವರು ಸಿಕ್ಕವರು ಚೇತರಿಸಿಕೊಳ್ಳುತ್ತಾರೆ. ಸಿಗದವರು ಕೆಲಸ ಬಿಡುತ್ತಾರೆ, ಅಥವಾ ಕೆಲಸದಲ್ಲಿದ್ದುಕೊಂಡೇ ಮನಸ್ಸನ್ನು ಅದರಿಂದ ಕಿತ್ತುಕೊಳ್ಳುತ್ತಾರೆ. ಈ ಎರಡನೆಯದು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ರೋಗಿಯ ಮುಖ ನೋಡದೆ ಮಾತ್ರೆ ಕೊಟ್ಟು ಮುಂದೆ ಹೋಗುವ ನರ್ಸ್ ಹುಟ್ಟಿನಿಂದ ಹಾಗೆ ಇರಲಿಲ್ಲ. ಮೊದಲ ವರ್ಷದಲ್ಲಿ ಯಾರೂ ಅವಳ ಮುಖ ನೋಡಲಿಲ್ಲ.

ಅನುಭವಿಗಳು ಕೆಲವರು ಹೇಳುವುದುಂಟು: “ನಮ್ಮನ್ನೂ ಹೀಗೆಯೇ ನೀರಿಗೆ ತಳ್ಳಿದ್ದರು, ಈಜು ಕಲಿತೆವು.” ಇರಬಹುದು. ಆದರೆ ಈ ಈಜಿನಲ್ಲಿ ಮುಳುಗುವವನು ರೋಗಿ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಇನ್ಸುಲಿನ್. ವಾರ್ಡಿಗೆ ಬರುವ ಸೀಸೆಗಳಲ್ಲಿ ಹೆಚ್ಚಿನವು ಒಂದು ಮಿಲಿಲೀಟರ್‌ಗೆ 40 ಯೂನಿಟ್ ಇರುವಂಥವು. ಜೊತೆಗೆ 100 ಯೂನಿಟ್‌ನವೂ ಬರುತ್ತವೆ. ಅವುಗಳ ಸಿರಿಂಜ್‌ಗಳು ಬೇರೆಬೇರೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ಡಾಕ್ಟರ್ 20 ಯೂನಿಟ್ ಬರೆದಿದ್ದಾರೆ ಎನ್ನಿ. 40ರ ಸೀಸೆಯಿಂದ ಕಿತ್ತಳೆ ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು 8 ಯೂನಿಟ್ ಮಾತ್ರ, ಸಕ್ಕರೆ ಇಳಿಯುವುದೇ ಇಲ್ಲ. ತಿರುಗುಮುರುಗಾಗಿ 100ರ ಸೀಸೆಯಿಂದ ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ ಅದೇ 20ರ ಗೆರೆಯವರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ಬೆಳಗಿನ ಜಾವದ ಹೊತ್ತಿಗೆ ಆ ರೋಗಿ ಬೆವೆತು, ಪ್ರಜ್ಞೆ ತಪ್ಪಿ ಬಿದ್ದಿರುತ್ತಾನೆ.

ಈ ಲೆಕ್ಕ ಹೊಸ ಹುಡುಗಿಗೆ ಗೊತ್ತಿಲ್ಲವೆಂದಲ್ಲ. ಪರೀಕ್ಷೆಯಲ್ಲಿ ಕೇಳಿದರೆ ಚೆನ್ನಾಗಿಯೇ ಬರೆಯುತ್ತಾಳೆ. ಆದರೆ ರಾತ್ರಿ ಊಟದ ಹೊತ್ತಿಗೆ ಎಂಟು ಜನರಿಗೆ ಇನ್ಸುಲಿನ್ ಕೊಡಬೇಕಾಗಿರುತ್ತದೆ. ಟ್ರಾಲಿಯಲ್ಲಿ ಕೆಂಪು ಮುಚ್ಚಳದವು ಮುಗಿದಿರುತ್ತವೆ. ಸ್ಟೋರಿನ ಕೀಲಿ ಬೇರೆಯವರ ಬಳಿ ಇರುತ್ತದೆ. ಊಟದ ಗಾಡಿ ಬಾಗಿಲಿಗೆ ಬಂದು ನಿಂತಿರುತ್ತದೆ. ಆಗ “ಅಕ್ಕಾ, ಈ ಸಿರಿಂಜ್ ಇದಕ್ಕೆ ಸರಿಯೇ?” ಎಂದು ಕೇಳಲು ಪಕ್ಕದಲ್ಲೊಬ್ಬರು ಇರಬೇಕು. ಕೇಳಿದರೆ ಬೈಯದವರಾಗಿರಬೇಕು. ನಮ್ಮಲ್ಲಿ ಹೊಸಬರು ಎಳೆದ ಇನ್ಸುಲಿನ್ ಅನ್ನು ಇನ್ನೊಬ್ಬರು ಸೀಸೆ ಮತ್ತು ಸಿರಿಂಜ್ ಎರಡನ್ನೂ ಎದುರಿಗಿಟ್ಟುಕೊಂಡು ನೋಡಿಯೇ ಕೊಡಬೇಕು. ಮೊದಮೊದಲು ಇದು ಅನುಮಾನಿಸಿದಂತೆ ಅನ್ನಿಸಬಾರದೆಂದು ನನ್ನ ಕೈಯ ಸಿರಿಂಜನ್ನೂ ಅವರಿಗೆ ತೋರಿಸಿ “ನೋಡಮ್ಮ, ಸರಿಯಿದೆಯಾ?” ಎಂದು ಕೇಳುತ್ತೇನೆ. ಹಾಗೆ ಕೇಳಿಸಿಕೊಂಡ ಹುಡುಗಿ ಮರುದಿನ ತಾನಾಗಿಯೇ ಸಿರಿಂಜ್ ಹಿಡಿದುಕೊಂಡು ಬರುತ್ತಾಳೆ.

ಪೊಟ್ಯಾಸಿಯಂ ಕ್ಲೋರೈಡ್ ಇನ್ನೂ ಭಯಾನಕ. ನೋಡಲು ನೀರಿನ ಹಾಗಿರುವ 10 ಮಿಲಿಲೀಟರ್‌ನ ಆ ಆಂಪೂಲಿನ (ಸಣ್ಣ ಸೀಸೆಯ) ಔಷಧವನ್ನು ದ್ರಾವಣದಲ್ಲಿ ಬೆರೆಸಿ ನಿಧಾನವಾಗಿ ಹರಿಸಬೇಕು. ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಹೊಸಬರು ಬಂದ ಮೊದಲ ದಿನವೇ ನಾನು ಅವರ ಅಂಗೈಯಲ್ಲಿ ಅದನ್ನಿಟ್ಟು, ಪಕ್ಕದಲ್ಲಿ ಡಿಸ್ಟಿಲ್ಡ್ ವಾಟರ್‌ನ ಆಂಪೂಲ್ ಇಟ್ಟು, ಎರಡರ ಹೆಸರನ್ನೂ ಗಟ್ಟಿಯಾಗಿ ಓದಿಸುತ್ತೇನೆ. ಅಷ್ಟಾದ ಮೇಲೆ ಅದನ್ನು ಬೇರೆಯದೇ ಕಪಾಟಿನಲ್ಲಿ ಇಟ್ಟು ಬೀಗ ಹಾಕಿಸುತ್ತೇನೆ. ಎಚ್ಚರಿಕೆ ಹೇಳಿದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ. ಕೈಗೆ ಸಿಗದಂತೆ ಇಡಬೇಕು.

ಡ್ರಿಪ್ ಹಾಕುವಾಗಿನ ಹನಿ ಲೆಕ್ಕ ಇವೆರಡರಷ್ಟು ಅಪಾಯದ್ದಲ್ಲ, ಆದರೆ ಹೊಸಬರ ಆತ್ಮವಿಶ್ವಾಸವನ್ನು ದಿನಕ್ಕೆ ಹತ್ತು ಸಲ ಅಲುಗಾಡಿಸುವುದು ಅದೇ. 500 ಮಿಲಿಲೀಟರ್ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಮಿಲಿಲೀಟರ್‌ಗೆ 20 ಹನಿ. ನಿಮಿಷಕ್ಕೆ ಸುಮಾರು 42 ಹನಿ ಬೀಳಬೇಕು. ಕಾಗದದಲ್ಲಿ ಗುಣಾಕಾರ ಭಾಗಾಕಾರ ಮಾಡಿ ಉತ್ತರ ಕಂಡುಕೊಂಡವಳು ಮಂಚದ ಪಕ್ಕ ನಿಂತು ಗಡಿಯಾರ ನೋಡುತ್ತಾ ಹನಿ ಎಣಿಸುವಾಗ ರೋಗಿ ಕೈ ಮಡಚುತ್ತಾನೆ, ಹನಿ ನಿಲ್ಲುತ್ತದೆ, ಅವಳ ಎಣಿಕೆ ತಪ್ಪುತ್ತದೆ. 15 ಸೆಕೆಂಡಿಗೆ ಹತ್ತೋ ಹನ್ನೊಂದೋ ಬಿದ್ದರೆ ಸಾಕು, ಮೊಣಕೈಯ ಕೆಳಗೆ ಮಡಚಿದ ಟವೆಲ್ ಇಡು, ಅರ್ಧ ಗಂಟೆ ಬಿಟ್ಟು ಬಂದು ಬಾಟಲಿಯ ಗೆರೆ ನೋಡು ಎಂದು ಹೇಳಿಕೊಡಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಬಿಡುವಿರುವ ಒಬ್ಬರು ಬೇಕು ಎನ್ನುವುದೇ ನನ್ನ ಜಗಳ.

ಹಾಗಾದರೆ ಆ ಒಬ್ಬರು ಯಾರಾಗಬೇಕು? ಅತ್ಯಂತ ಹಿರಿಯರೇ ಆಗಬೇಕೆಂದು ಹಲವರು ಭಾವಿಸುತ್ತಾರೆ. ನನ್ನ ಅನುಭವ ಬೇರೆ. ಇಪ್ಪತ್ತು ವರ್ಷ ಕೆಲಸ ಮಾಡಿದವರಿಗೆ ತಾವು ಹೇಗೆ ಮಾಡುತ್ತೇವೆ ಎಂಬುದನ್ನು ಬಿಡಿಸಿ ಹೇಳುವುದು ಕಷ್ಟ. ಕಣ್ಣು ಹಾಯಿಸಿದ ಕೂಡಲೇ ಅವರಿಗೆ ಗೊತ್ತಾಗಿಬಿಡುತ್ತದೆ. ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ನರ್ಸ್‌ಗಳ ಬೆಳವಣಿಗೆಯನ್ನು ಐದು ಹಂತಗಳಾಗಿ ವಿವರಿಸಿದಾಗ ಹೇಳಿದ್ದೂ ಇದನ್ನೇ: ಹೊಸಬರು ನಿಯಮ ಹಿಡಿದು ನಡೆಯುತ್ತಾರೆ, ಪಳಗಿದವರು ಇಡೀ ಸನ್ನಿವೇಶವನ್ನು ಒಟ್ಟಿಗೆ ಗ್ರಹಿಸುತ್ತಾರೆ. ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ಕೆಲಸ ಮಾಡಿದವರನ್ನು ಅವರು ಮೂರನೆಯ, ಅಂದರೆ ನಡುವಿನ ಹಂತದಲ್ಲಿ ಇಟ್ಟರು. ಕಲಿಸಲು ನನಗೆ ಬೇಕಾದವರು ಇವರೇ. ತಾವು ತಡವರಿಸಿದ ದಿನಗಳ ನೆನಪು ಇವರಲ್ಲಿ ಇನ್ನೂ ಹಸಿಯಾಗಿರುತ್ತದೆ. ಎಲ್ಲಿ ಎಡವುತ್ತಾರೆ ಎಂದು ಮೊದಲೇ ಊಹಿಸಬಲ್ಲರು. ಹಿರಿಯರು ಅವರ ಬೆನ್ನಿಗಿದ್ದರೆ ಸಾಕು.

ಜೊತೆಗೆ ನಿಲ್ಲುವ ಈ ಸಿಸ್ಟರ್ ಅಥವಾ ಬ್ರದರ್‌ಗೆ ರೋಗಿಗಳ ಸಂಖ್ಯೆ ಕಡಿಮೆ ಮಾಡಲೇಬೇಕು. ಪುಸ್ತಕಗಳಲ್ಲಿ ಪ್ರಿಸೆಪ್ಟರ್ ಎಂದು ಕರೆಯುವ ಈ ಕೆಲಸವನ್ನು ನಮ್ಮಲ್ಲಿ ಉಪಕಾರದಂತೆ ಮಾಡಿಸಿಕೊಳ್ಳುತ್ತಾರೆ. “ಸ್ವಲ್ಪ ಇವಳನ್ನೂ ನೋಡಿಕೊಳ್ಳಮ್ಮ.” ತನ್ನ ಹತ್ತು ರೋಗಿಗಳ ಮೇಲೆ ಹನ್ನೊಂದನೆಯ ಹೊರೆಯಾಗಿ ಹೊಸಬಳು ಬಂದರೆ ಎಂಥ ಒಳ್ಳೆಯ ಮನಸ್ಸಿನವಳಿಗೂ ಕಿರಿಕಿರಿ ಆಗುತ್ತದೆ. ಆ ಕಿರಿಕಿರಿ ಮಾತಿನಲ್ಲಿ ಹೊರಬರುತ್ತದೆ. ರೋಗಿಯ ಕಡೆಯವರ ಮುಂದೆ “ಕೈ ತೆಗಿ, ನಾನು ಮಾಡುತ್ತೇನೆ” ಎಂದು ರಕ್ತನಾಳಕ್ಕೆ ಹಾಕುವ ಕ್ಯಾನುಲಾ ಸೂಜಿಯನ್ನು ಕಿತ್ತುಕೊಂಡರೆ ಆ ಹುಡುಗಿಯ ಕೈ ಮುಂದೆ ಒಂದು ತಿಂಗಳು ನಡುಗುತ್ತದೆ. ರೋಗಿಯೂ ಅವಳನ್ನು ಹತ್ತಿರ ಬರಗೊಡುವುದಿಲ್ಲ. “ಆ ದೊಡ್ಡ ಸಿಸ್ಟರ್ ಅನ್ನೇ ಕರೆಯಿರಿ” ಎನ್ನುತ್ತಾನೆ. ತಿದ್ದುವುದಿದ್ದರೆ ಟ್ರೀಟ್‌ಮೆಂಟ್ ರೂಮಿಗೆ ಕರೆದು, ಬಾಗಿಲು ಮುಂದೆ ಮಾಡಿ ತಿದ್ದಿ. ರೋಗಿಗೆ ಅಪಾಯವಿದ್ದಾಗ ಮಾತ್ರ ಅಲ್ಲೇ ತಡೆಯಿರಿ. ತಡೆಯುವಾಗಲೂ “ಒಂದು ನಿಮಿಷ, ಇಬ್ಬರೂ ಸೇರಿ ನೋಡೋಣ” ಎನ್ನಲು ಬೈಗುಳಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಬೈಗುಳದ ಭಯ ಹೊಸಬರ ಜೀವಕ್ಕೇ ಎರವಾಗುವುದುಂಟು. ಸೂಜಿ ಚುಚ್ಚಿಕೊಂಡದ್ದನ್ನು ಮುಚ್ಚಿಡುವುದು ಅಂಥದ್ದು. ಕ್ಯಾನುಲಾ ಹಾಕುವಾಗ ರೋಗಿ ಕೈ ಎಳೆದುಕೊಂಡ, ಸೂಜಿ ಬೆರಳಿಗೆ ನೆಟ್ಟಿತು, ಗ್ಲೌಸ್ ಒಳಗೆ ಒಂದು ಹನಿ ರಕ್ತ. ನಲ್ಲಿ ನೀರಿನಲ್ಲಿ ತೊಳೆದುಕೊಂಡು ಸುಮ್ಮನಾಗುತ್ತಾಳೆ. ಹೇಳಿದರೆ “ಅಷ್ಟೂ ಗೊತ್ತಾಗುವುದಿಲ್ಲವೇ” ಎಂಬ ಮಾತು ಕೇಳಬೇಕು, ಫಾರಂ ತುಂಬಬೇಕು. ಎಚ್‌ಐವಿ ಸೋಂಕು ತಡೆಯುವ ಔಷಧವನ್ನು ಆದಷ್ಟು ಬೇಗ, ಸಾಧ್ಯವಾದರೆ ಮೊದಲ ಕೆಲವು ಗಂಟೆಗಳಲ್ಲೇ ಶುರುಮಾಡಬೇಕು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್, ಪೂರ್ತಿಯಾಗಲು ಆರು ತಿಂಗಳು ಹಿಡಿಯುತ್ತದೆ. ಸಿಬ್ಬಂದಿಗೆ ಈ ಲಸಿಕೆ ಹಾಕಿಸುವುದು ಆಸ್ಪತ್ರೆಯ ಹೊಣೆ ಎಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲೇ ಇದೆ. ಆದ್ದರಿಂದ ಹೊಸಬರು ಬಂದಾಗ ನಾನು ಮೊದಲು ಕೇಳುವುದು ಅಂಕಪಟ್ಟಿಯನ್ನಲ್ಲ, ಲಸಿಕೆ ಹಾಕಿಸಿಕೊಂಡ ದಾಖಲೆಯನ್ನು. ಜೊತೆಗೆ ಒಂದು ಮಾತು ಹೇಳುತ್ತೇನೆ: “ಸೂಜಿ ಚುಚ್ಚಿಕೊಂಡರೆ ಕೈ ತೊಳೆದುಕೊಂಡು ಮೊದಲು ನನ್ನ ಬಳಿ ಬಾ. ರಾತ್ರಿಯಾಗಿದ್ದರೆ ಫೋನ್ ಮಾಡು. ನಾನು ಕೇಳುವ ಮೊದಲ ಪ್ರಶ್ನೆ ಹೇಗಾಯಿತು ಎಂದಲ್ಲ, ಎಷ್ಟು ಹೊತ್ತಾಯಿತು ಎಂದು.”

ಹ್ಯಾಂಡೋವರ್ ಬಗ್ಗೆ ಬರೆಯದೆ ಈ ಬರಹ ಮುಗಿಯುವಂತಿಲ್ಲ. ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8. ದಿನಕ್ಕೆ ಮೂರು ಸಲ ಇಡೀ ವಾರ್ಡು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತದೆ. ಮನೆಗೆ ಹೊರಡುವವರಿಗೆ ಬಸ್ಸಿನ ಚಿಂತೆ, ಬಂದವರಿಗೆ ಮುಂದಿನ ಕೆಲಸದ ಚಿಂತೆ. ಹೊಸಬರು ಮೊದಲ ವಾರಗಳಲ್ಲಿ ಕೇಸ್ ಶೀಟ್‌ನಲ್ಲಿರುವುದನ್ನೆಲ್ಲ ಓದಿ ಒಪ್ಪಿಸುತ್ತಾರೆ. ಹೆಸರು, ವಯಸ್ಸು, ಕಾಯಿಲೆ, ಔಷಧದ ಪಟ್ಟಿ. ಬೇಕಾದ ಒಂದು ಸಂಗತಿ ಮಾತ್ರ ಅದರೊಳಗೆ ಹೂತುಹೋಗಿರುತ್ತದೆ: ಈ ಅಜ್ಜ ಬೆಳಗ್ಗಿನಿಂದ ಮೂತ್ರ ಮಾಡಿಲ್ಲ. ನಾನು ಅವರಿಗೆ ಮಂಚದ ಪಕ್ಕದಲ್ಲೇ ನಿಂತು ಹ್ಯಾಂಡೋವರ್ ಕೊಡಲು ಹೇಳುತ್ತೇನೆ. ರೋಗಿಯನ್ನು ನೋಡುತ್ತಾ ಮಾತನಾಡಿದರೆ ಮುಖ್ಯವಾದದ್ದು ಮೊದಲು ಬಾಯಿಗೆ ಬರುತ್ತದೆ. ಬಾಟಲಿಯಲ್ಲಿ ಎಷ್ಟು ಉಳಿದಿದೆ, ಯೂರಿನ್ ಬ್ಯಾಗ್‌ನಲ್ಲಿ ಎಷ್ಟಿದೆ, ಕ್ಯಾನುಲಾ ಹಾಕಿದ ಜಾಗ ಊದಿದೆಯೇ ಎಂಬುದು ಇಬ್ಬರ ಕಣ್ಣಿಗೂ ಬೀಳುತ್ತದೆ.

ಅದಕ್ಕಿಂತ ಕಷ್ಟವಾದದ್ದು ರಾತ್ರಿ ಎರಡು ಗಂಟೆಗೆ ಡಾಕ್ಟರ್‌ಗೆ ಫೋನ್ ಮಾಡುವುದು. ಹೊಸಬರು ಅರ್ಧ ಗಂಟೆ ಫೋನಿನ ಮುಂದೆ ಕೂತಿರುವುದನ್ನು ನೋಡಿದ್ದೇನೆ. ಕೊನೆಗೂ ಧೈರ್ಯ ಮಾಡಿ “ಸರ್, ಪೇಷಂಟ್ ಯಾಕೋ ಸರಿಯಾಗಿಲ್ಲ” ಎನ್ನುತ್ತಾರೆ. ಆ ಕಡೆಯಿಂದ “ಸರಿಯಾಗಿಲ್ಲ ಅಂದರೆ ಏನು?” ಎಂಬ ಗದರಿಕೆ. ಮುಂದಿನ ಸಲ ಅವರು ಫೋನೇ ಮಾಡುವುದಿಲ್ಲ. ಇದಕ್ಕೆ ನಾವು ಹಗಲಿನಲ್ಲಿ, ಟೀ ಹೊತ್ತಿನಲ್ಲಿ ಅಭ್ಯಾಸ ಮಾಡಿಸುತ್ತೇವೆ. ಒಬ್ಬರು ಡಾಕ್ಟರ್ ಆಗುತ್ತಾರೆ, ಹೊಸಬರು ಫೋನ್ ಮಾಡುತ್ತಾರೆ. “ಸರ್, ಪುರುಷರ ವಾರ್ಡಿನಿಂದ ಮಾತನಾಡುತ್ತಿದ್ದೇನೆ. 14ನೇ ಹಾಸಿಗೆ, 62 ವರ್ಷ, ನಿಮೋನಿಯಾ ಎಂದು ನಿನ್ನೆ ದಾಖಲಾದವರು. ಸಂಜೆ ಉಸಿರಾಟ ನಿಮಿಷಕ್ಕೆ 20 ಇತ್ತು, ಈಗ 28 ಇದೆ. ಆಕ್ಸಿಜನ್ ಮಟ್ಟ 88ಕ್ಕೆ ಇಳಿದಿದೆ. ಆಕ್ಸಿಜನ್ ಮಾಸ್ಕ್ ಹಾಕಿದ್ದೇನೆ. ನೀವು ಈಗಲೇ ಬಂದು ನೋಡಬೇಕು.” ಯಾರು, ಹಿನ್ನೆಲೆ ಏನು, ನಾನು ಏನು ಕಂಡೆ, ನಿಮ್ಮಿಂದ ಏನು ಬೇಕು. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದ ಈ ಕ್ರಮ ಈಗ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ. ಹೀಗೆ ಹೇಳಿದ ಮೇಲೆ ಹಾಸಿಗೆಯಿಂದ ಏಳದ ಡಾಕ್ಟರನ್ನು ನಾನು ಕಂಡಿಲ್ಲ. ಕೊನೆಯ ವಾಕ್ಯ ಹೇಳುವುದು ಮಾತ್ರ ಹುಡುಗಿಯರಿಗೆ ತುಂಬಾ ಕಷ್ಟ. ದೊಡ್ಡವರಿಗೆ ಹೀಗೆ ಮಾಡಿ ಎಂದು ಹೇಳಬಾರದು ಎಂಬ ಸಂಸ್ಕಾರದಲ್ಲಿ ಬೆಳೆದವರು ಅವರು. ಅದನ್ನು ಮತ್ತೆ ಮತ್ತೆ ಹೇಳಿಸುತ್ತೇನೆ.

ಇಲ್ಲಿ ಉಸಿರಾಟದ ಎಣಿಕೆಯ ಬಗ್ಗೆಯೂ ಒಂದು ಮಾತು. ನಾಡಿ, ರಕ್ತದೊತ್ತಡ, ಆಕ್ಸಿಜನ್ ಎಲ್ಲವನ್ನೂ ಯಂತ್ರ ಹೇಳುತ್ತದೆ. ಸಾಮಾನ್ಯ ವಾರ್ಡಿನಲ್ಲಿ ಉಸಿರಾಟವನ್ನು ಕಣ್ಣಿಂದ ನೋಡಿ ಎಣಿಸಬೇಕು. ಅದಕ್ಕೇ ಚಾರ್ಟುಗಳಲ್ಲಿ ಎಲ್ಲರ ಉಸಿರಾಟವೂ 20 ಆಗಿರುತ್ತದೆ. ಬ್ರಿಟನ್‌ನ ವೈದ್ಯರ ಸಂಸ್ಥೆ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್ 2012ರಲ್ಲಿ ಹೊರತಂದ, ರೋಗಿ ಹದಗೆಡುವುದನ್ನು ಅಂಕಗಳಲ್ಲಿ ಅಳೆಯುವ ಮುನ್ನೆಚ್ಚರಿಕೆಯ ಪಟ್ಟಿಯಲ್ಲಿ ಉಸಿರಾಟ ನಿಮಿಷಕ್ಕೆ 25 ಅಥವಾ ಅದಕ್ಕಿಂತ ಹೆಚ್ಚಾದರೆ ಅದೊಂದಕ್ಕೇ ಮೂರು ಅಂಕ, ಅಂದರೆ ಗರಿಷ್ಠ ಅಪಾಯದ ಅಂಕ. ರೋಗಿ ಕುಸಿಯುವ ಮುನ್ನ ಅನೇಕ ವೇಳೆ ಮೊದಲು ಬದಲಾಗುವುದು ಉಸಿರು. ಹಿರಿಯರು ಎಣಿಸದೆ ಬರೆಯುವುದನ್ನು ನೋಡಿದ ಹೊಸಬರು ಒಂದೇ ವಾರದಲ್ಲಿ ಹಾಗೆಯೇ ಬರೆಯತೊಡಗುತ್ತಾರೆ. ಆದ್ದರಿಂದ ಅವರ ಮುಂದೆ ನಾವೂ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು.

ಉತ್ತರ ಕರ್ನಾಟಕದ ಹಳ್ಳಿಗಳಿಂದ, ಮಲೆನಾಡಿನ ಸಣ್ಣ ಊರುಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಇನ್ನೊಂದು ಸಂಕಷ್ಟವಿದೆ. ರೋಗಿಯನ್ನು ಮಾತನಾಡಿಸುವುದರಲ್ಲಿ, ನೋವು ಅರಿಯುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಆದರೆ ನರ್ಸ್ ಟಿಪ್ಪಣಿ ಇಂಗ್ಲಿಷಿನಲ್ಲಿ ಬರೆಯಬೇಕು. ಬರೆಯಲು ಹಿಂಜರಿದು ಹಿಂದಿನ ಪಾಳಿಯವರು ಬರೆದದ್ದನ್ನೇ ನಕಲು ಮಾಡುತ್ತಾರೆ. ಕಣ್ಣಾರೆ ಕಂಡದ್ದು ಕಾಗದಕ್ಕೆ ಬರುವುದೇ ಇಲ್ಲ. ಅಂಥವರಿಗೆ ನಾನು ಹೇಳುವುದು: ಮೊದಲು ಕನ್ನಡದಲ್ಲಿ ನನಗೆ ಹೇಳು, ಆಮೇಲೆ ಸಣ್ಣ ಸಣ್ಣ ವಾಕ್ಯದಲ್ಲಿ ಬರೆ, ವ್ಯಾಕರಣ ಕೆಟ್ಟರೆ ಕೆಡಲಿ, ಸಮಯ ಮತ್ತು ಸಂಖ್ಯೆ ಸರಿಯಿರಲಿ. ಕೇರಳದಿಂದ, ಮಣಿಪುರದಿಂದ ಬಂದವರ ಕಷ್ಟ ಇದಕ್ಕೆ ವಿರುದ್ಧ. ಬರೆಯಲು ಬರುತ್ತದೆ, ಅಜ್ಜಿಯ ಮಾತು ತಿಳಿಯುವುದಿಲ್ಲ. ಇಂಥ ಇಬ್ಬರನ್ನು ಒಂದೇ ಪಾಳಿಗೆ ಹಾಕಿದರೆ ಒಬ್ಬರಿಂದ ಒಬ್ಬರು ಕಲಿಯುತ್ತಾರೆ. ಜೊತೆಗೆ ಕನ್ನಡವನ್ನು ಅವರಿಗೆ ನಮ್ಮ ಆಯಾಗಳಷ್ಟು ಚೆನ್ನಾಗಿ ಯಾವ ತರಗತಿಯೂ ಕಲಿಸಲಾರದು.

ಮೊದಲ ಸಾವು. ಅದಕ್ಕೆ ಯಾವ ಕಾಲೇಜೂ ಸಿದ್ಧ ಮಾಡಿ ಕಳುಹಿಸುವುದಿಲ್ಲ. ಮೂರು ದಿನದಿಂದ “ಮಗಳೇ” ಎಂದು ಕರೆಯುತ್ತಿದ್ದ ಮುದುಕಿ ನಸುಕಿನಲ್ಲಿ ಹೋಗಿಬಿಡುತ್ತಾಳೆ. ಡಾಕ್ಟರ್ ಬಂದು ನೋಡಿ ಹೇಳಿ ಹೋಗುತ್ತಾರೆ. ಹೊರಗೆ ಮನೆಯವರ ಆಕ್ರಂದನ. ಆ ಹುಡುಗಿ ಕ್ಯಾನುಲಾ, ಟ್ಯೂಬುಗಳನ್ನು ತೆಗೆಯಬೇಕು, ಕಣ್ಣು ಮುಚ್ಚಿಸಬೇಕು, ಗಾಜ್ ಬಟ್ಟೆಯಿಂದ ದವಡೆ ಕಟ್ಟಬೇಕು, ಕಾಲ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಬೇಕು, ಹೆಸರಿನ ಚೀಟಿ ಅಂಟಿಸಬೇಕು. ಮೈ ಇನ್ನೂ ಬೆಚ್ಚಗಿರುತ್ತದೆ. ಅಷ್ಟರಲ್ಲಿ ಆರು ಗಂಟೆಯ ಆ್ಯಂಟಿಬಯಾಟಿಕ್ ಹೊತ್ತಾಗಿದೆ ಎಂದು ಪಕ್ಕದ ಮಂಚದವರು ಕರೆಯುತ್ತಾರೆ. ಜೊತೆಗೊಬ್ಬರಿದ್ದರೆ ಆ ಶರೀರಕ್ಕೆ ಇಬ್ಬರೂ ಸೇರಿ ಕೈ ಹಚ್ಚುತ್ತಾರೆ. ಹೇಗೆ ಮುಟ್ಟಬೇಕು, ಮನೆಯವರನ್ನು ಯಾವಾಗ ಒಳಗೆ ಕರೆಯಬೇಕು, ಅವರು ಬಾಯಿಗೆ ನೀರು ಬಿಡಬೇಕೆಂದರೆ, ತುಳಸಿ ಇಡಬೇಕೆಂದರೆ ಏನು ಹೇಳಬೇಕು ಎನ್ನುವುದನ್ನು ಹೊಸಬಳು ನೋಡಿಯೇ ಕಲಿಯುತ್ತಾಳೆ. ಆಮೇಲೆ ಹಿರಿಯವಳು ಆ ಆ್ಯಂಟಿಬಯಾಟಿಕ್‌ಗಳನ್ನು ತಾನು ಹಾಕಿ, “ಹೋಗಿ ಮುಖ ತೊಳೆದು ಟೀ ಕುಡಿದು ಬಾ” ಎಂದು ಕಳುಹಿಸಬಹುದು. ಅಳಬೇಡ, ನರ್ಸ್ ಆದವಳು ಗಟ್ಟಿಯಾಗಿರಬೇಕು ಎಂಬ ಮಾತನ್ನು ಮಾತ್ರ ಯಾರೂ ಹೇಳಬಾರದು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅಳಲಿ. ಅತ್ತು ಬಂದವಳು ಮತ್ತೊಬ್ಬ ಮುದುಕಿಯನ್ನೂ ಹಾಗೆಯೇ ನೋಡಿಕೊಳ್ಳುತ್ತಾಳೆ.

ಇದೆಲ್ಲ ಸರಿ, ದುಡ್ಡು ಎಲ್ಲಿಂದ ಬರಬೇಕು ಎಂದು ಆಡಳಿತದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ ಮೂರು ರೋಗಿಗಳಿಗೆ ಒಬ್ಬ ನರ್ಸ್, ಇತರ ಆಸ್ಪತ್ರೆಯಾದರೆ ಐದು ರೋಗಿಗಳಿಗೆ ಒಬ್ಬರು ಎಂಬುದು ನರ್ಸಿಂಗ್ ಪರಿಷತ್ತಿನ ಮಾನದಂಡ. ನಮ್ಮ ವಾರ್ಡುಗಳನ್ನು ಕಂಡವರಿಗೆ ಅದು ಎಷ್ಟು ದೂರದ ಮಾತು ಎಂದು ಗೊತ್ತು. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಂಬಳದ ವಿಷಯ ಸುಪ್ರೀಂ ಕೋರ್ಟ್ ತನಕ ಹೋಗಿ, 2016ರಲ್ಲಿ ತೀರ್ಪು ಬಂತು. ಕೇಂದ್ರ ಸರ್ಕಾರ ನೇಮಿಸಿದ ಸಮಿತಿ 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. ಆ ಲೆಕ್ಕದಲ್ಲೇ ಹಿಡಿದರೂ ಹೊಸಬಳೊಬ್ಬಳ ಆರು ವಾರದ ಸಂಬಳ 30,000 ರೂಪಾಯಿ ಆಸುಪಾಸು. ಮೂರನೆಯ ತಿಂಗಳು ಅವಳು ಹೇಳದೆ ಕೇಳದೆ ಬಿಟ್ಟುಹೋದರೆ ಮತ್ತೆ ಜಾಹೀರಾತು, ಮತ್ತೆ ಸಂದರ್ಶನ, ಉಳಿದವರಿಗೆ ಡಬಲ್ ಡ್ಯೂಟಿ. ಅದರ ಖರ್ಚನ್ನು ಯಾರೂ ಬರೆದಿಡುವುದಿಲ್ಲ, ಹಾಗಾಗಿ ಅದು ಖರ್ಚೇ ಅಲ್ಲ ಎಂದು ಕಾಣುತ್ತದೆ. ಬಿಟ್ಟುಹೋಗದಂತೆ ತಡೆಯಲು ಮೂಲ ಅಂಕಪಟ್ಟಿಗಳನ್ನು ಕಿತ್ತಿಟ್ಟುಕೊಳ್ಳುವ ಕಡೆಗಳೂ ಇವೆ. ಕಾಗದ ಹಿಡಿದಿಟ್ಟರೆ ಮನುಷ್ಯರು ಉಳಿಯುತ್ತಾರೆಂದು ನಂಬುವವರ ಬಗ್ಗೆ ನನಗೆ ದುಃಖವಿದೆ, ಸಿಟ್ಟೂ ಇದೆ.

ನಮ್ಮಲ್ಲಿ ಎರಡು ಮೂರು ವರ್ಷ ಪಳಗಿದ ಮಕ್ಕಳು ಬ್ರಿಟನ್, ಐರ್ಲೆಂಡ್, ಜರ್ಮನಿ ಎಂದು ಹೊರಡುತ್ತಾರೆ. ಹೋಗಲಿ, ಅವರ ಬದುಕು ಚೆನ್ನಾಗಿರಲಿ. ಬ್ರಿಟನ್‌ನ ನರ್ಸಿಂಗ್ ನಿಯಂತ್ರಣ ಸಂಸ್ಥೆ 2020ರಲ್ಲಿ ಹೊಸಬರಿಗೆ ಜೊತೆಗಾರರನ್ನು ಕೊಡುವ ತತ್ವಗಳನ್ನು ಪ್ರಕಟಿಸಿತು. ಹೊರದೇಶದಿಂದ ಬಂದವರಿಗೂ ಅದು ಅನ್ವಯ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು 2022ರಲ್ಲಿ ಅದಕ್ಕೊಂದು ರಾಷ್ಟ್ರೀಯ ಚೌಕಟ್ಟು ಮಾಡಿಕೊಂಡವು. ಅದರಲ್ಲಿ ಹೊಸಬರನ್ನು ಎಣಿಕೆಯಿಂದ ಹೊರಗಿಡುವ ಅವಧಿಯೂ ಇದೆ. ಆದ್ದರಿಂದ ಅಲ್ಲಿಗೆ ಹೋದ ನಮ್ಮ ಹುಡುಗಿಯರು, ಇಲ್ಲಿ ಐಸಿಯು ಒಬ್ಬಳೇ ನಿಭಾಯಿಸಿದವರು, ಫೋನ್ ಮಾಡಿ ಹೇಳುತ್ತಾರೆ: “ಮೇಡಂ, ಇಲ್ಲಿ ನನ್ನನ್ನು ಹೊಸಬಳೆಂದು ಇನ್ನೊಬ್ಬರ ಜೊತೆ ಬಿಟ್ಟಿದ್ದಾರೆ. ಏನು ಬೇಕಾದರೂ ಕೇಳು ಅನ್ನುತ್ತಾರೆ.” ಅವರ ದನಿಯಲ್ಲಿ ಆಶ್ಚರ್ಯವಿರುತ್ತದೆ. ಅದೇ ಸೌಕರ್ಯ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ತಮ್ಮದೇ ಊರಿನ ಆಸ್ಪತ್ರೆಯಲ್ಲಿ ಅವರಿಗೆ ಸಿಗಬೇಕಿತ್ತು. 1947ರ ನರ್ಸಿಂಗ್ ಪರಿಷತ್ತಿನ ಕಾಯ್ದೆಯ ಜಾಗದಲ್ಲಿ 2023ರಲ್ಲಿ ಹೊಸ ರಾಷ್ಟ್ರೀಯ ನರ್ಸಿಂಗ್ ಮತ್ತು ಪ್ರಸೂತಿ ಆಯೋಗದ ಕಾಯ್ದೆ ಬಂದಿದೆ. ಕಾಲೇಜುಗಳ ಗುಣಮಟ್ಟದಷ್ಟೇ ಗಂಭೀರವಾಗಿ ಕೆಲಸದ ಮೊದಲ ವರ್ಷವನ್ನೂ ಆಯೋಗ ನೋಡಲಿ ಎಂಬುದು ನನ್ನ ಆಸೆ.

ಆರು ವಾರ ಆಗುವುದೇ ಇಲ್ಲ ಎನ್ನುವ ಸಣ್ಣ ಆಸ್ಪತ್ರೆಗಳಿಗೆ ನಾನು ಚೌಕಾಶಿ ಮಾಡುತ್ತೇನೆ. ಎರಡು ವಾರವಾದರೂ ಕೊಡಿ. ಮೊದಲ ತಿಂಗಳು ರಾತ್ರಿ ಪಾಳಿಗೆ ಒಬ್ಬಂಟಿಯಾಗಿ ಹಾಕಬೇಡಿ, ಒಂದು ವಾರ್ಡಿನಿಂದ ಇನ್ನೊಂದಕ್ಕೆ ಎಸೆದಾಡಬೇಡಿ. ಯಾರನ್ನು ಕೇಳಬೇಕೋ ಆ ಒಬ್ಬರ ಹೆಸರನ್ನು ಮೊದಲ ದಿನವೇ ಹೇಳಿ, ಅವರಿಬ್ಬರ ವಾರದ ರಜೆಯನ್ನೂ ಒಂದೇ ದಿನ ಕೊಡಿ. ವಾರಕ್ಕೊಮ್ಮೆ ಅರ್ಧ ಗಂಟೆ ಆ ಹುಡುಗಿಯನ್ನು ಕೂರಿಸಿಕೊಂಡು ಈ ವಾರ ಯಾವುದಕ್ಕೆ ಭಯವಾಯಿತು ಎಂದು ಕೇಳಿ. ಅವಳು ಹೇಳುವ ಉತ್ತರಗಳಲ್ಲಿ ನಿಮ್ಮ ಆಸ್ಪತ್ರೆಯ ಅರ್ಧ ಸಮಸ್ಯೆಗಳು ಹೊರಬರುತ್ತವೆ: ಕೀಲಿ ಸಿಗದ ಸ್ಟೋರ್, ಎರಡು ಬಗೆಯ ಸಿರಿಂಜ್ ಒಂದೇ ಡಬ್ಬಿಯಲ್ಲಿರುವುದು, ಫೋನ್ ಎತ್ತದ ಡಾಕ್ಟರ್. ಹಳಬರಾದ ನಮಗೆ ಅವು ರೂಢಿಯಾಗಿ ಕಾಣದೇ ಹೋಗಿವೆ. ಅವಳಿಗೆ ಇನ್ನೂ ಕಾಣುತ್ತವೆ. ಬರೆದಿಟ್ಟುಕೊಳ್ಳಿ, ಮುಂದಿನ ವಾರದೊಳಗೆ ಒಂದನ್ನಾದರೂ ಸರಿಪಡಿಸಿ, ಸರಿಪಡಿಸಿದ್ದು ನಿನ್ನ ಮಾತಿನಿಂದ ಎಂದು ಅವಳಿಗೆ ತಿಳಿಸಿ.